ಭದ್ರಕ್ಕ ಕಾಲಿಡದ ಶಿಖರ

ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಭದ್ರಮ್ಮನ ಮನೆ ಯಾವುದೆಂದು ಯಾರೂ ಕೇಳಬೇಕಾಗಿರಲಿಲ್ಲ. ಯಾವ ಬಾಗಿಲ ಮುಂದೆ ಪುಟ್ಟ ಪುಟ್ಟ ಶೂಗಳ ರಾಶಿ ಬಿದ್ದಿದೆಯೋ ಅದೇ ಅವಳ ಮನೆ. ಅಲ್ಲೇ ಡೇಕೇರ್ ನಡೆಸುತ್ತಿದ್ದಳು. ಮಗು ಶೂ ಹಾಕಿಕೊಂಡು ಹೊಸ್ತಿಲು ದಾಟಿದರೆ ಎತ್ತಿಕೊಂಡು ಹೋಗಿ ಹೊರಗೆ ಇಳಿಸಿ ಬರುತ್ತಿದ್ದಳು. ಮಗುವಿನ ಅಪ್ಪ ದಾಟಿದರೆ ಅವನಿಗೂ ರಿಯಾಯಿತಿ ಇರಲಿಲ್ಲ. "ಯಾಕಪ್ಪಾ, ಕಾಲಲ್ಲಿರೋದು ಕಣ್ಣಿಗೆ ಕಾಣ್ಲಿಲ್ವಾ?" ಎಂದು ಕೇಳಿಬಿಡುತ್ತಿದ್ದಳು. ದೊಡ್ಡ ದೊಡ್ಡ ಕಂಪನಿಗಳಲ್ಲಿ ಮ್ಯಾನೇಜರ್ ಆಗಿದ್ದವರೂ ಅಲ್ಲೇ ಒಂಟಿ ಕಾಲಲ್ಲಿ ನಿಂತು ಲೇಸು ಬಿಚ್ಚುವುದನ್ನು ನಾನು ಎದುರು ಮನೆಯ ಕಿಟಕಿಯಿಂದ ನೋಡಿ ನಗುತ್ತಿದ್ದೆ.

ಆ ಎದುರು ಮನೆಯವಳು ನಾನು, ಫಖರುನ್ನಿಸಾ. ಮೈಸೂರಿನವಳು, ಕನ್ನಡ ಶಾಲೆಯಲ್ಲಿ ಓದಿದವಳು. ನನ್ನ ಬಾಯಿ ಸ್ವಲ್ಪ ಜೋರು ಎಂದು ನನ್ನ ಗಂಡ ಹೇಳುತ್ತಾರೆ. ಜೋರಾಗಿಲ್ಲದಿದ್ದರೆ ಭದ್ರಕ್ಕನ ಕಥೆಯನ್ನು ಯಾರು ಹೇಳುತ್ತಿದ್ದರು? ಅವಳಂತೂ ಹೇಳುವವಳಲ್ಲ.

ನನಗೂ ಅದು ಗೊತ್ತಾದದ್ದು ಆಕಸ್ಮಿಕವಾಗಿ. ಒಂದು ದಿನ ನಮ್ಮ ಅಂಗಳದ ಓಕ್ ಮರ ಹತ್ತಿದ ಹುಡುಗಿಯೊಬ್ಬಳು ಇಳಿಯಲಾರದೆ ಕಿರುಚತೊಡಗಿದಳು. ಎಲ್ಲರೂ ಫೈರ್ ಇಂಜಿನ್‌ಗೆ ಫೋನ್ ಮಾಡಿ ಎನ್ನುತ್ತಿದ್ದರೆ ಭದ್ರಕ್ಕ ಬಟ್ಟೆ ಒಣಗಿಸುವ ಹಗ್ಗವನ್ನು ಬಿಚ್ಚಿಕೊಂಡು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸರಸರನೆ ಹತ್ತಿ, ಮಗುವಿನ ಸೊಂಟಕ್ಕೆ ಅದೇನೋ ಗಂಟು ಹಾಕಿ ಇಳಿಸಿಬಿಟ್ಟಳು. ನಲವತ್ತೆಂಟರ ಹೆಂಗಸು! "ಇದೆಲ್ಲಿ ಕಲಿತೆ ಭದ್ರಕ್ಕಾ?" ಎಂದರೆ, "ಹಿಮಾಲಯದಲ್ಲಿ ಕಣವ್ವ" ಎಂದು ಕುಕ್ಕರ್ ಕೂಗಿದ ಕಡೆಗೆ ನಡೆದಳು. ತಮಾಷೆ ಎಂದುಕೊಂಡೆ. ತಮಾಷೆಯಾಗಿರಲಿಲ್ಲ.

ಅವಳ ಊರು ಹಾಸನ ಜಿಲ್ಲೆಯಲ್ಲಿ, ಶ್ರವಣಬೆಳಗೊಳಕ್ಕೆ ನಡೆದು ಹೋಗುವಷ್ಟು ಹತ್ತಿರ. ಆ ಬೆಟ್ಟವನ್ನು ಬರಿಗಾಲಲ್ಲೇ ಹತ್ತಬೇಕು. ಚಪ್ಪಲಿ ಕೆಳಗೇ ಬಿಡಬೇಕು. ಬಿಸಿಲಲ್ಲಿ ಬಂಡೆ ಹಂಚಿನ ಹಾಗೆ ಕಾದಿರುತ್ತದೆ. ಭದ್ರಕ್ಕ ಅಲ್ಲಿ ಆಡಿ ಬೆಳೆದವಳು. ಬೆಟ್ಟ ಎಂದರೆ ಚಪ್ಪಲಿ ಬಿಡುವ ಜಾಗ ಎಂಬುದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಕಾಲೇಜಿನಲ್ಲಿ ಎನ್‌ಸಿಸಿ ಸೇರಿದಳು. ಅದರಿಂದ ಮನಾಲಿಯಲ್ಲಿ ಪರ್ವತಾರೋಹಣದ ತರಬೇತಿ ಸಿಕ್ಕಿತು. ಆಮೇಲೆ ಹಾಸನದ ಒಂದು ಶಾಲೆಯಲ್ಲಿ ಡ್ರಿಲ್ ಟೀಚರಾದಳು. ಎಪ್ಪತ್ತಾರರಲ್ಲಿ ಮಹಿಳೆಯರ ತಂಡವೊಂದು ಲ್ಹಾಯುಮ್ ಶಿಖರಕ್ಕೆ ಹೊರಟಾಗ ದಕ್ಷಿಣದಿಂದ ಇವಳೊಬ್ಬಳನ್ನು ಆರಿಸಿದರು.

ಲ್ಹಾಯುಮ್ ಎಂದರೆ ಆ ಕಣಿವೆಯವರ ಮಾತಿನಲ್ಲಿ ದೇವಿತಾಯಿ. ಹಿಮಾಚಲದ ಲಾಹೌಲ್ ದಾಟಿ, ರಸ್ತೆ ಮುಗಿದ ಮೇಲೂ ದಿನಗಟ್ಟಲೆ ನಡೆದರೆ ಸಿಗುವ ಜಾಗ. ಬ್ರಿಟಿಷರ ಕಾಲದಲ್ಲಿ ಸರ್ವೆ ಅಧಿಕಾರಿಯೊಬ್ಬ ದೂರದ ಗುಡ್ಡದಲ್ಲಿ ಕೂತು ಮಣಭಾರದ ದುರ್ಬೀನು ಯಂತ್ರದಲ್ಲೇ ಅದರ ಎತ್ತರ ಅಳೆದ. ಅವನ ಹೆಸರು ನಕ್ಷೆಯ ಮೂಲೆಯಲ್ಲಿದೆ, ಆ ಯಂತ್ರವನ್ನು ಬೆನ್ನ ಮೇಲೆ ಹೊತ್ತು ಗುಡ್ಡ ಹತ್ತಿಸಿದ ಕಲಾಸಿಗಳ ಹೆಸರು ಎಲ್ಲೂ ಇಲ್ಲ. ಮೂವತ್ತರ ದಶಕದಲ್ಲಿ ಇಬ್ಬರು ಪರದೇಶದವರು ಉತ್ತರದ ಕಡೆಯಿಂದ ಹೋದರು. ನಕ್ಷೆಯಲ್ಲಿ ಬರೀ ಬಿಳಿ ಇದ್ದ ಕಡೆ ದೊಡ್ಡ ಪ್ರಪಾತ ಎದುರಾಯಿತು. ಈ ಶಿಖರಕ್ಕೆ ದಾರಿಯೇ ಇಲ್ಲ ಎಂದು ಬರೆದು ವಾಪಸಾದರು. ತಮಗೆ ಸಿಗದಿದ್ದರೆ ಇಲ್ಲವೇ ಇಲ್ಲ! ಸ್ವಾತಂತ್ರ್ಯ ಬಂದ ಮೇಲೆ ಗಡಿ ಪ್ರದೇಶವೆಂದು ಕಣಿವೆಯನ್ನು ಮುಚ್ಚಿದರು. ಎಷ್ಟೋ ವರ್ಷದ ಮೇಲೆ ಸೈನ್ಯದ ತಂಡವೊಂದು ಪೂರ್ವದ ಹಿಮನದಿಯ ಮೇಲೆ ದಾರಿ ಹುಡುಕಿತು. ಶಿಖರದ ಹೆಗಲವರೆಗೆ ಹೋಗಿ, ಹಿಮಗಾಳಿಗೆ ಸಿಕ್ಕಿ ಹಿಂದಿರುಗಿತು. ಭದ್ರಕ್ಕನ ತಂಡ ಹೋಗುವವರೆಗೂ ಆ ತುದಿಯನ್ನು ಮನುಷ್ಯರು ಮುಟ್ಟಿರಲಿಲ್ಲ.

ಇದನ್ನೆಲ್ಲ ಭದ್ರಕ್ಕ ಡೇಕೇರ್ ಮಕ್ಕಳಿಗೆ ಮೊಸರನ್ನ ತಿನ್ನಿಸುವಾಗ ಕಥೆಯಾಗಿ ಹೇಳುತ್ತಿದ್ದಳು. ಪ್ರಪಾತದ ಹತ್ತಿರ ಬಂದಾಗ ಎಲ್ಲ ಮಕ್ಕಳೂ ಬಾಯಿ ತೆರೆಯುತ್ತಿದ್ದವು, ಇವಳು ತುತ್ತು ಇಡುತ್ತಿದ್ದಳು.

ಕೊನೆಯ ಕ್ಯಾಂಪಿನಲ್ಲಿ ಲೀಡರ್ ಮೇಡಮ್ಮಿಗೂ ಉಳಿದವರಿಗೂ ಎತ್ತರ ಹಿಡಿಸದೆ ವಾಂತಿ, ತಲೆನೋವು. ಗಟ್ಟಿಯಾಗಿ ಉಳಿದವರು ಇಬ್ಬರೇ: ಭದ್ರಕ್ಕ, ಮತ್ತೆ ಸಾಮಾನು ಹೊರಲು ಕೆಳಗಿನ ಹಳ್ಳಿಯಿಂದ ಬಂದಿದ್ದ ಯಾಂಗ್‌ಜೊರ್ ಎಂಬ ಹುಡುಗಿ. ಇಬ್ಬರೂ ಒಂದೇ ಹಗ್ಗಕ್ಕೆ ಕಟ್ಟಿಕೊಂಡು ಹೊರಟರು. ಯಾಂಗ್‌ಜೊರ್ ಮುಂದೆ ಮಂಜು ಕಡಿದು ಮೆಟ್ಟಿಲು ಮಾಡುವುದು, ಇವಳು ಹಿಂದೆ. ಮಧ್ಯಾಹ್ನಕ್ಕೆ ಏರು ಮುಗಿಯಿತು. ಎದುರಿಗೆ ರಾಗಿರಾಶಿಯಷ್ಟು ದೊಡ್ಡ ಮಂಜಿನ ಗುಪ್ಪೆಯೊಂದು ಬಿಟ್ಟರೆ ಅದಕ್ಕಿಂತ ಮೇಲೆ ಬರೀ ಆಕಾಶ. ಯಾಂಗ್‌ಜೊರ್ ಗುಪ್ಪೆಯ ಮೇಲೆ ಇಡಲು ಕಾಲೆತ್ತಿದ್ದಳು. ಭದ್ರಕ್ಕ ಹಿಂದಿನಿಂದ ಹಗ್ಗ ಜಗ್ಗಿದಳು.

"ಯಾಕೆ ಜಗ್ಗಿದೆ?" ಎಂದು ನಾನು ಕೇಳಿದ್ದೆ.

"ಕಾಲಲ್ಲಿ ಶೂ ಇತ್ತು ಕಣವ್ವ. ಅದೂ ಕಬ್ಬಿಣದ ಮುಳ್ಳಿಂದು. ತಾಯಿ ಅಂತ ಅವ್ರೇ ಹೆಸರಿಟ್ಟವ್ರೆ. ತಾಯಿ ನೆತ್ತಿ ಮೇಲೆ ಮುಳ್ಳಿನ ಶೂ ಇಡದಾ? ಬಿಚ್ಚಿದ್ರೆ ಬೆರಳು ಉದ್ರೋಗ್ತವೆ. ಅದಕ್ಕೆ ಅಲ್ಲೇ ಮಂಡಿಯೂರಿ, ಗ್ಲೌಸ್ ತೆಗೆದು ಮುಟ್ದೆ. ಹಣೆ ಇಟ್ಟೆ. ಜೇಬಲ್ಲಿ ಕುಂಕುಮ ಇತ್ತು, ಇಟ್ಟೆ. ಆ ಹುಡ್ಗಿ ನನ್ನ ನೋಡ್ತು, ನೋಡಿ ಅಳಕ್ಕೆ ಶುರು ಮಾಡ್ತು. ಅವಳೂ ಹಣೆ ಇಟ್ಲು. ಇಳಿದ್ವಿ."

ನಾವೂ ಮಸೀದಿ ಬಾಗಿಲಲ್ಲಿ ಚಪ್ಪಲಿ ಬಿಡುವ ಜನ. ನನಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೆ ಲೀಡರ್ ಮೇಡಮ್ಮಿಗೆ ಎಷ್ಟು ಹೇಳಿದರೂ ತಲೆಗೆ ಹೋಗಲಿಲ್ಲ. ತುದಿಯ ಮೇಲೆ ಬಾವುಟ ಹಿಡಿದು ನಿಂತ ಫೋಟೋ ಎಲ್ಲಿ ಎಂದು ಕೇಳಿದಳಂತೆ. ಇಲ್ಲ. ಹಾಗಾದರೆ ಶಿಖರ ತಲುಪಲಿಲ್ಲ ಎಂದು ವರದಿಯಲ್ಲಿ ಬರೆದಳು. ಅಲ್ಲ, ಒಲೆ ಮುಂದೆ ನಿಂತು ಅಡುಗೆಯೆಲ್ಲ ಮಾಡಿದವಳು ಸೌಟು ಹಿಡಿದು ಫೋಟೋ ತೆಗೆಸಿಕೊಳ್ಳಲಿಲ್ಲ ಎಂದು ಊಟವೇ ಆಗಿಲ್ಲ ಎಂದ ಹಾಗಾಯಿತು! ಹಾಸನಕ್ಕೆ ವಾಪಸಾದ ಮೇಲೆ ಸ್ಟಾಫ್‌ರೂಮಿನಲ್ಲಿ, "ಏನ್ ಮೇಡಂ, ಒಂದು ಸ್ಟಾಪ್ ಮುಂಚೇನೇ ಇಳ್ಕೊಂಡ್‌ಬಿಟ್ರಂತೆ" ಎಂದು ನಗಾಡಿದರಂತೆ. ಅಂದಿನಿಂದ ದೊಡ್ಡವರ ಮುಂದೆ ಬೆಟ್ಟದ ಸುದ್ದಿ ಎತ್ತುವುದನ್ನೇ ಬಿಟ್ಟಳು. ಆಮೇಲೆ ಮಂಡ್ಯದ ಚೆಲುವರಾಜು ಜೊತೆ ಮದುವೆಯಾಯಿತು. ಅವರಿಗೆ ಇಲ್ಲೇ ಹತ್ತಿರದ ನೆವಾರ್ಕ್‌ನ ಒಂದು ವರ್ಕ್‌ಶಾಪಿನಲ್ಲಿ ಲೇತ್ ಕೆಲಸ ಸಿಕ್ಕಿ ಇಬ್ಬರೂ ಇಲ್ಲಿಗೆ ಬಂದರು. ಮಗಳು ಕಾವ್ಯಾ ಇಲ್ಲೇ ಹುಟ್ಟಿದಳು.

ಇನ್ನು ಡಾಟ್‌ಕಾಮ್ ವಿಷಯ. ಆಗ, ಎರಡು ಸಾವಿರನೇ ಇಸವಿಯ ಸುಮಾರಿಗೆ, ನಮ್ಮ ಕಡೆ ಯಾರ ಕೈಯಲ್ಲಿ ನೋಡಿದರೂ ಒಂದು ವೆಬ್‌ಸೈಟು. ನಾಯಿಗೆ ಬಿಸ್ಕತ್ತು ಮಾರಲು ಒಂದು, ಮದುವೆಗೆ ಹೂವು ಕಳಿಸಲು ಒಂದು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ಡೇಕೇರಿಗೆ ಬರುತ್ತಿದ್ದ ಸಾಗರ್ ಎಂಬ ಮಗುವಿನ ಅಪ್ಪ ಅಜಯ್‌ನದು ಪರ್ವತಗಳ ವೆಬ್‌ಸೈಟು. ಭೂಪಟದ ಮೇಲೆ ಯಾವ ಶಿಖರವನ್ನು ಒತ್ತಿದರೂ ಅದರ ಪೂರಾ ಚರಿತ್ರೆ ತೆರೆದುಕೊಳ್ಳುತ್ತದೆ: ಯಾರು ಅಳೆದರು, ಯಾರು ಹತ್ತಿದರು, ಯಾರು ಸತ್ತರು. ಪಕ್ಕದಲ್ಲಿ ಟೆಂಟು, ಶೂಗಳ ಜಾಹೀರಾತು. ಹುಡುಗ ಕೆಟ್ಟವನಲ್ಲ. ಲೈಬ್ರರಿಗಳಿಂದ ಹಳೆಯ ವರದಿ ತರಿಸಿ ಕಣ್ಣು ಕೆಂಪಾಗುವವರೆಗೆ ಓದಿ ಹಾಕುತ್ತಿದ್ದ. ಪ್ರತಿ ತಂಡದ ಹೆಸರಿನ ಮುಂದೆ ಒಂದು ಗುರುತು. ತುದಿ ಮುಟ್ಟಿದವರಿಗೆ ಹಸಿರು ಟಿಕ್ಕು, ಮುಟ್ಟದವರಿಗೆ ಕೆಂಪು ಇಂಟು. ಮೂರನೆಯ ಗುರುತು ಇಲ್ಲ.

ಏಳನೇ ಕ್ಲಾಸಿನಲ್ಲಿದ್ದ ಕಾವ್ಯಾಗೆ ಸ್ಕೂಲಿನಲ್ಲಿ ಮನೆಯವರೊಬ್ಬರ ಬಗ್ಗೆ ಮಾತಾಡಲು ಹೇಳಿದ್ದರು. ಮಗು ಎದ್ದು ನಿಂತು, ಯಾರೂ ಹತ್ತದಿದ್ದ ಬೆಟ್ಟವನ್ನು ಮೊದಲು ಹತ್ತಿದವಳು ನಮ್ಮಮ್ಮ ಎಂದು ಹೇಳಿದೆ. ಒಬ್ಬ ಹುಡುಗ ಅಲ್ಲೇ ಕಂಪ್ಯೂಟರಿನಲ್ಲಿ ಆ ವೆಬ್‌ಸೈಟು ತೆರೆದು ಎಲ್ಲರಿಗೂ ತೋರಿಸಿದ್ದಾನೆ. ಸಾವಿರದ ಒಂಬೈನೂರ ಎಪ್ಪತ್ತಾರು, ಮಹಿಳಾ ತಂಡ, ಭದ್ರಮ್ಮ ಮತ್ತು ಒಬ್ಬ ಸ್ಥಳೀಯ ಕೂಲಿ. ಕೆಂಪು ಇಂಟು.

ಅವತ್ತು ಕಾವ್ಯಾ ಬ್ಯಾಗು ಎಸೆದ ಸದ್ದು ನನ್ನ ಮನೆಗೆ ಕೇಳಿಸಿತು. ನಾನು ಓಡಿದೆ.

"ಯೂ ಲೈಡ್ ಟು ಮಿ!" ಎಂದು ಅಳುತ್ತಿದ್ದಳು. ಮನೆಯವರ ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿದ್ದುದು ಹೆಚ್ಚಾಗಿ ಇಂಗ್ಲಿಷೇ.

"ಸುಳ್ಳು ಹೇಳಿಲ್ಲ ಮಗಾ. ಕೈಯಲ್ಲಿ ಮುಟ್ಟಿದೀನಿ."

"ಒನ್ ಸ್ಟೆಪ್, ಅಮ್ಮಾ! ಜಸ್ಟ್ ಒನ್ ಸ್ಟೆಪ್! ಯಾಕ್ ಹಾಕ್ಲಿಲ್ಲ?"

ಭದ್ರಕ್ಕ ಶೂ ವಿಷಯ ಹೇಳಿದಳು. ಮಗಳು ಅಮ್ಮನನ್ನು ಹುಚ್ಚಿಯನ್ನು ನೋಡುವಂತೆ ನೋಡಿ ರೂಮಿನ ಬಾಗಿಲು ಹಾಕಿಕೊಂಡಳು. ಭದ್ರಕ್ಕ ಅಡುಗೆಮನೆಗೆ ಬಂದು, ಸಾರು ಉಕ್ಕುತ್ತಿದ್ದರೂ ಒಲೆ ಆರಿಸುವುದನ್ನು ಮರೆತು ನಿಂತಳು. "ಸ್ಟಾಫ್‌ರೂಮಿನೋರು ನಕ್ಕಾಗ ಇಷ್ಟು ಉರೀಲಿಲ್ಲ ಕಣೇ ನಿಸಾ. ಹೊಟ್ಟೇಲಿ ಹುಟ್ಟಿದ್ದೇ ನಂಬಲ್ಲ ಅಂದ್ರೆ ನಾನ್ ಯಾರಿಗ್ ಹೇಳ್ಲಿ?" ಎಂದಳು. ಅವಳ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು. ನನಗೆ ಆ ಇಂಟು ಹಾಕಿದವನ ಕೈ ಮುರಿಯುವಷ್ಟು ಸಿಟ್ಟು ಬಂತು.

ಸಂಜೆ ಮಗನನ್ನು ಕರೆದುಕೊಂಡು ಹೋಗಲು ಅಜಯ್ ಬಂದಾಗ ಬಾಗಿಲಲ್ಲೇ ಹಿಡಿದೆ. ಪಾಪ, ಆ ಭದ್ರಮ್ಮ ಈ ಭದ್ರಮ್ಮನೇ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಒಂದು ಶೂ ಬಿಚ್ಚಿ ಇನ್ನೊಂದನ್ನು ಮರೆತು ನಿಂತುಬಿಟ್ಟ.

"ಓ ಮೈ ಗಾಡ್! ಆಂಟಿ, ನೀವಾ ಅದು? ಒಂದ್ ಕೆಲ್ಸ ಮಾಡಿ. ಟಾಪ್ ಮೇಲೆ ನಿಂತಿದ್ದೆ ಅಂತ ನಂಗೊಂದು ಇಮೇಲು ಕಳ್ಸಿ. ಕ್ಲೈಂಬರ್ ಹೇಳಿದ್ದಾರೆ ಅಂತ ನಾಳೇನೇ ಚೇಂಜ್ ಮಾಡ್ತೀನಿ. ಅಲ್ಲಿಗ್ ಹೋಗಿ ಯಾರು ಚೆಕ್ ಮಾಡ್ತಾರೆ?"

"ನಿಂತಿದ್ರೆ ತಾನೇ ಹೇಳದು?" ಎಂದಳು ಭದ್ರಕ್ಕ. "ಉಣ್ಣದೇ ಇರೋ ಊಟಕ್ಕೆ ತೇಗು ಅಂತೀಯೇನಪ್ಪಾ?"

"ಆಂಟಿ, ಕಾವ್ಯಾಗೋಸ್ಕರ..."

"ಅವಳಿಗೋಸ್ಕರಾನೇ ಹೇಳಲ್ಲ."

ರೂಮಿನ ಬಾಗಿಲ ಸಂದಿಯಲ್ಲಿ ಕಾವ್ಯಾ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಒಂದೇ ಒಂದು ಸುಳ್ಳಿಗೆ ಇಂಟು ಹೋಗಿ ಟಿಕ್ಕು ಬರುತ್ತಿತ್ತು, ಅಮ್ಮ ಹೇಳಲಿಲ್ಲ. ಸತ್ಯ ಹೇಳುತ್ತೇನೆ, ನಾನಾಗಿದ್ದರೆ ಹೇಳಿಬಿಡುತ್ತಿದ್ದೆ.

ಆ ವಾರವೆಲ್ಲ ತಾಯಿ ಮಗಳ ಮಧ್ಯೆ ಮಾತಿಲ್ಲ. ಶನಿವಾರ ನಾನು ಅವರ ಮನೆಯಲ್ಲಿ ಕೂತು ಹೋಳಿಗೆಗೆ ಕಣಕ ನಾದುತ್ತಿದ್ದೆ. ಕಾವ್ಯಾ ಕಂಪ್ಯೂಟರ್ ಮುಂದಿನಿಂದ ಕೂಗಿದಳು, "ನಿಸಾ ಆಂಟಿ, ಕಮ್ ಹಿಯರ್. ಅಮ್ಮಾ, ನೀನೂ ಬಾ!"

ಹುಡುಗಿ ಲ್ಹಾಯುಮ್‌ನ ಪೂರಾ ಚರಿತ್ರೆ ಓದುತ್ತಿದ್ದಳು. ಅಮ್ಮನ ಸಾಲಿನ ಕೆಳಗೆ ಎಂಬತ್ತಮೂರನೇ ಇಸವಿಯ ಸಾಲು. ದೇಶ ವಿದೇಶದ ಗಂಡಸರು ಸೇರಿದ ದೊಡ್ಡ ತಂಡ. ಹಸಿರು ಟಿಕ್ಕು, ಮೊಟ್ಟಮೊದಲ ಆರೋಹಣ. ಅದರ ಕೆಳಗೆ ಸಣ್ಣಕ್ಷರದಲ್ಲಿ ಹೀಗಿತ್ತು: ಕಣಿವೆಯ ಜನರ ಭಾವನೆಗೆ ಗೌರವ ಕೊಟ್ಟು ತಂಡದವರು ತುದಿಯ ಮೇಲೆ ಕಾಲಿಡದೆ, ಕೆಲವೇ ಅಡಿ ಕೆಳಗೆ ನಿಂತು ಹಿಂದಿರುಗಿದರು. ಹಿಂದೆ ಬಂದ ಇಬ್ಬರು ಹೆಣ್ಣುಮಕ್ಕಳು ತಾಯಿಯ ನೆತ್ತಿಗೆ ಹಣೆ ಇಟ್ಟು ಬಂದರು, ನೀವೂ ಮೇಲೆ ಕಾಲಿಡುವುದಿಲ್ಲ ಎಂದು ಮಾತು ಕೊಟ್ಟರೆ ಮಾತ್ರ ದಾರಿ ತೋರಿಸುತ್ತೇವೆ ಎಂದು ಹಳ್ಳಿಯ ಹಿರಿಯರು ಹೇಳಿದ್ದರು.

ನಾನು ಎರಡು ಸಲ ಓದಿಸಿ ಕೇಳಿದೆ. ಅಂದರೆ ಯಾಂಗ್‌ಜೊರ್ ಕೆಳಗೆ ಹೋಗಿ ಊರಿಗೆಲ್ಲ ಹೇಳಿದ್ದಾಳೆ. ಶ್ರವಣಬೆಳಗೊಳದ ಬೆಟ್ಟದ ಕಟ್ಟಳೆ ಹಿಮಾಲಯದ ಒಂದು ಹಳ್ಳಿಯ ಕಟ್ಟಳೆಯಾಗಿಬಿಟ್ಟಿದೆ! ಗಂಡಸರು ಅದೇ ಜಾಗದಲ್ಲಿ ನಿಂತರೆ ಗೌರವ, ಹೆಂಗಸರು ನಿಂತರೆ ಸೋಲು. ಶಂಖದಿಂದ ಬಂದರೇನೇ ತೀರ್ಥ ಎನ್ನುವುದು ಇದಕ್ಕೇ. ನನ್ನ ಬಾಯಿಂದ ಬಂದ ಉರ್ದು ಬೈಗುಳವನ್ನು ಇಲ್ಲಿ ಬರೆಯುವುದಿಲ್ಲ.

ಕಾವ್ಯಾ ಅಮ್ಮನ ಕಡೆ ತಿರುಗಿದಳು. "ದೇ ಸ್ಟಾಪ್ಡ್ ಟೂ. ಅವ್ರಿಗೆ ಟಿಕ್ಕು."

ಭದ್ರಕ್ಕ ಕುರ್ಚಿ ಎಳೆದುಕೊಂಡು ಕೂತಳು. ಅವಳು ನೋಡುತ್ತಿದ್ದುದು ಟಿಕ್ಕನ್ನಲ್ಲ. "ಆ ಹುಡ್ಗಿ ಊರಿಗೆಲ್ಲ ಹೇಳೈತೆ ನೋಡು" ಎಂದಳು. ಅಷ್ಟೇ ಅಂದದ್ದು. ಸೆರಗಿನಿಂದ ಮುಖ ಒರೆಸಿಕೊಂಡಳು.

ಭಾನುವಾರ ಅಜಯ್‌ನನ್ನು ಕರೆಸಿದೆವು. ಹೋಳಿಗೆ ಕೊಟ್ಟು, ತಿನ್ನಲು ಬಿಡದೆ ಕಾವ್ಯಾ ಶುರುಮಾಡಿದಳು. ಒಂದೇ ಜಾಗ, ಒಂದೇ ಕಾರಣ, ಎರಡು ಗುರುತು ಯಾಕೆ? ಅಜಯ್ ತಲೆ ಕೆರೆದುಕೊಂಡ.

"ಅವ್ರ ಲೀಡರು ಸಮಿಟ್ ಆಯ್ತು ಅಂತ ರಿಪೋರ್ಟಲ್ಲಿ ಬರ್ದಿದಾರೆ. ಆಂಟಿ ಲೀಡರು ಆಗಿಲ್ಲ ಅಂತ ಬರ್ದಿದಾರೆ. ನಾನು ಇದ್ದಿದ್ದನ್ನ ಹಾಕ್ದೆ ಅಷ್ಟೇ."

"ಬರ್ದಿದ್ದನ್ನ ಹಾಕಿದೀಯ, ಇದ್ದಿದ್ದನ್ನಲ್ಲ" ಎಂದೆ ನಾನು.

ಅವನು ಹೋಳಿಗೆಯ ತಟ್ಟೆಯನ್ನು ಪಕ್ಕಕ್ಕಿಟ್ಟ. "ಹಾಗಾದ್ರೆ ಇಬ್ಬರಿಗೂ ಇಂಟು ಹಾಕ್ಬೇಕು, ಇಲ್ಲಾ ಇಬ್ಬರಿಗೂ ಟಿಕ್ಕು."

"ಅವ್ರದ್ದು ಕೀಳ್ಬೇಡ" ಎಂದಳು ಭದ್ರಕ್ಕ. "ಕೊಟ್ಟ ಮಾತು ಉಳಿಸ್ಕೊಂಡವ್ರೆ, ಅವ್ರೂ ಹತ್ತವ್ರೆ. ನನ್ನ ಹೆಸ್ರು ಹಾಕೋ ಹಂಗಿದ್ರೆ ಒಂದು ಮಾತು. ಒಬ್ಬ ಸ್ಥಳೀಯ ಕೂಲಿ ಅಂತ ಹಾಕಿದೀಯಲ್ಲ, ಅದನ್ನ ಅಳ್ಸು. ಅವಳ ಹೆಸರು ಯಾಂಗ್‌ಜೊರ್. ಹಗ್ಗದಲ್ಲಿ ಮುಂದಿದ್ದೋಳು ಅವಳು. ನನ್ನ ಹೆಸರು ಆಮೇಲೆ."

ಅಜಯ್ ಮಾರನೇ ದಿನವೇ ಬದಲಾಯಿಸಿದ. ಮೊದಲ ಆರೋಹಣ, ಎಪ್ಪತ್ತಾರು, ಯಾಂಗ್‌ಜೊರ್ ಮತ್ತು ಭದ್ರಮ್ಮ, ಹಸಿರು ಟಿಕ್ಕು. ಕೆಳಗೆ ಯಾಕೆ ಎಂಬುದನ್ನೂ ಬರೆದ. ಹಾಗೆ ಹೇಗೆ ಬದಲಾಯಿಸಿದೆ ಎಂದು ಎಲ್ಲೆಲ್ಲಿಂದಲೋ ಜನ ಜಗಳ ತೆಗೆದರು, ಅವನು ಬಗ್ಗಲಿಲ್ಲ. ಅವತ್ತಿನಿಂದ ಅವನು ನನ್ನ ಕಣ್ಣಲ್ಲಿ ದೊಡ್ಡವನಾದ. ಕಾವ್ಯಾ ಅಂದು ಇಂಟು ತೋರಿಸಿದ್ದ ಹುಡುಗನಿಗೆ ಸ್ಕೂಲಿನಲ್ಲಿ ಇದನ್ನು ತೋರಿಸಿ ಬಂದಳು. ಕಲಾಸಿಗಳ ಹೆಸರೂ ಸಿಕ್ಕಿದರೆ ಹಾಕುತ್ತೇನೆ ಎಂದು ಅಜಯ್ ಮತ್ತೆ ಲೈಬ್ರರಿಗಳಿಗೆ ಬರೆಯತೊಡಗಿದ.

ಆದರೆ ಜಾತ್ರೆ ಮುಗಿಯುತ್ತಾ ಬಂದಿತ್ತು. ಮುಂದಿನ ವರ್ಷ ಒಂದೊಂದೇ ಕಂಪನಿ ಬಾಗಿಲು ಹಾಕಿತು. ಅಪಾರ್ಟ್‌ಮೆಂಟಿನ ಕಸದ ಡಬ್ಬಿಯ ಪಕ್ಕ ಆಫೀಸು ಕುರ್ಚಿಗಳು ಬಿದ್ದವು. ಕೆಲಸ ಹೋದವರು ಮಕ್ಕಳನ್ನು ಮನೆಯಲ್ಲೇ ಇಟ್ಟುಕೊಂಡರು, ಭದ್ರಕ್ಕನ ಬಾಗಿಲಲ್ಲಿ ಶೂಗಳು ಕಡಿಮೆಯಾದವು. ಅಜಯ್‌ನ ಕಂಪನಿಯೂ ಮುಚ್ಚಿತು. ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಕಾವ್ಯಾ ಲ್ಹಾಯುಮ್ ಪುಟ ತೆರೆಯಲು ಹೋದರೆ ಬಿಳಿ ಪರದೆ, ಈ ಪುಟ ಇಲ್ಲ ಎಂಬ ಒಂದು ಸಾಲು. ಮತ್ತೆ ಮತ್ತೆ ಒತ್ತಿದಳು. ಬರಲಿಲ್ಲ.

"ನೌ ನೋಬಡಿ ವಿಲ್ ನೋ" ಎಂದಳು.

"ಬಿಡು ಮಗಾ, ದೋಸೆ ಆರೋಗತ್ತೆ" ಎಂದಳು ಭದ್ರಕ್ಕ. ಅವಳಿಗೆ ಬೇಜಾರಾಗಲಿಲ್ಲ ಎಂದು ನಾನು ಹೇಳಲಾರೆ. ಆ ದಿನ ದೋಸೆಗೆ ಉಪ್ಪು ಹಾಕಿರಲಿಲ್ಲ.

ಸ್ಕೂಲು ಮುಗಿಯುವ ಮುಂಚೆ ಕಾವ್ಯಾಳ ಕ್ಲಾಸಿನವರನ್ನು ಫ್ರೀಮಾಂಟ್‌ನ ಮಿಷನ್ ಪೀಕ್‌ಗೆ ಕರೆದುಕೊಂಡು ಹೋದರು. ನಮ್ಮ ಫ್ರೀವೇಯಿಂದಲೂ ಕಾಣುವ ಬೋಳುಗುಡ್ಡ ಅದು. ಬೇಸಿಗೆಗೆ ಹುಲ್ಲೆಲ್ಲ ಒಣಗಿ ಮುಳ್ಳಾಗಿರುತ್ತದೆ. ತುದಿಯಲ್ಲೊಂದು ಕಬ್ಬಿಣದ ಕಂಬ ನೆಟ್ಟಿದ್ದಾರೆ, ಹೋದವರೆಲ್ಲ ಅದರ ಮೇಲೆ ಹತ್ತಿ ಫೋಟೋ ತೆಗೆಸಿಕೊಳ್ಳುತ್ತಾರೆ. ಸಂಜೆ ಹುಡುಗಿ ಕುಂಟುತ್ತಾ ಬಂದಳು. ಬಾಗಿಲಲ್ಲಿ ಶೂ ಬಿಚ್ಚಿದಳು. ಸಾಕ್ಸಿನ ಒಳಗೆ ಪಾದ ಕೆಂಪಗೆ, ಧೂಳು, ಗೀರು. ಹಿಮ್ಮಡಿಯ ಹತ್ತಿರ ಮುಳ್ಳೊಂದು ಮುರಿದು ಕೂತಿತ್ತು.

"ಏನೇ ಇದು ಗ್ರಹಚಾರ! ಶೂ ಇರ್ಲಿಲ್ವಾ ಕಾಲಲ್ಲಿ?" ಎಂದು ಭದ್ರಕ್ಕ ಬೈಯುತ್ತಲೇ ನೆಲದ ಮೇಲೆ ಕೂತು ಆ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡಳು. ತಾಳಿಸರಕ್ಕೆ ಸಿಕ್ಕಿಸಿದ್ದ ಪಿನ್ನನ್ನು ತೆಗೆದಳು. "ತುದಿವರ್ಗೂ ಹತ್ತಿದ್ಯಾ?"

ಕಾವ್ಯಾ ಒಂದು ಕ್ಷಣ ಮಾತು ಹುಡುಕಿದಳು. ಆಮೇಲೆ, ಹುಟ್ಟಿದಂದಿನಿಂದ ಅವಳ ಬಾಯಲ್ಲಿ ನಾನು ಕೇಳದಷ್ಟು ಉದ್ದದ ಕನ್ನಡದಲ್ಲಿ ಹೇಳಿದಳು:

"ಹತ್ತಿದೆ. ಎಲ್ಲಾರೂ ಕಂಬದ ಮೇಲೆ ನಿಂತ್ರು. ನಾನು ಶೂಸ್ ಬಿಚ್ಚಿ, ಕೈಯಲ್ಲಿ ಮುಟ್ದೆ. ನಿನ್ ಥರ."

ಭದ್ರಕ್ಕ ಮಗಳ ಕಾಲನ್ನು ಬಿಗಿಯಾಗಿ ಹಿಡಿದುಕೊಂಡು ಕೂತಳು. ಪಿನ್ನು ಬೆರಳ ಸಂದಿಯಲ್ಲೇ ಉಳಿದುಹೋಯಿತು. ಕೊನೆಗೆ ಅದನ್ನು ನಾನೇ ತೆಗೆದುಕೊಂಡು ಮುಳ್ಳು ಕಿತ್ತೆ.